ಪೆಕಾನ್ ಫೋರ್ಕಿನ ಪುಣ್ಯಾತ್ಮ

ಡಿಸೆಂಬರ್ ಕೊನೆಯ ವಾರ ಅಮೆರಿಕದ ಷೇರುಪೇಟೆ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲು ತೆರೆದಿರುತ್ತದೆ, ಅಷ್ಟೆ. ದೊಡ್ಡ ಕುಳಗಳೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಿಮ ನೋಡಲು ಹೋಗಿರುತ್ತಾರೆ. ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ, ಇದ್ದ ನಾಲ್ಕು ಜನಕ್ಕೂ ಆಕಳಿಕೆ. ಅಂಥ ವಾರದಲ್ಲೂ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ವೆಂಕಟಗಿರಿ ಬೆಳಿಗ್ಗೆ ಎಂಟೂವರೆಗೇ ಸ್ನಾನ ಮಾಡಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂರುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಪೇಟೆ ಮುಚ್ಚುವವರೆಗೆ ಕದಲುತ್ತಿರಲಿಲ್ಲ. ನೋಡುತ್ತಿದ್ದದ್ದು ಒಂದೇ ಹೆಸರು, ಪೆಕಾನ್ ಫೋರ್ಕ್ ವಾಲ್ವ್ಸ್.

ಎಣ್ಣೆ ಬಾವಿಗಳಿಗೆ ವಾಲ್ವು ಮಾಡಿಕೊಡುವ ಚಿಕ್ಕ ಕಂಪನಿ ಅದು. ಮೋಸವಿಲ್ಲ, ಮೈತುಂಬ ಸಾಲವಿಲ್ಲ. ಕೇಳುವವರೂ ಇಲ್ಲ, ಅದೊಂದೇ ತೊಂದರೆ. ಒಳ್ಳೆಯ ದಿನಗಳಲ್ಲೇ ಅದರ ಷೇರು ಇಪ್ಪತ್ತು ಸಾವಿರ ಕೈ ಬದಲಾಯಿಸಿದರೆ ಹೆಚ್ಚು. ಈ ವಾರ ಇಡೀ ದಿನಕ್ಕೆ ಇನ್ನೂರೋ ಮುನ್ನೂರೋ. ನಿನ್ನೆಯಂತೂ ನಲವತ್ತು!

"ನಲವತ್ತು ಸಾವಿರಾನಾ?" ಎಂದು ಸರೋಜಾ ಒಗ್ಗರಣೆ ಹಾಕುತ್ತಲೇ ಕೇಳಿದ್ದರು.

"ನಲವತ್ತು. ಬರೀ ನಲವತ್ತು."

"ಅಯ್ಯೋ ಶಿವನೆ! ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ ಕೊತ್ತಂಬರಿ ಕಟ್ಟು ಇದಕ್ಕಿಂತ ಹೆಚ್ಚು ಮಾರಾಟ ಆಗುತ್ತೆ."

ಈ ಷೇರನ್ನು ಎಲ್ಲರ ತಲೆಗೆ ಕಟ್ಟಿದವರು ವೆಂಕಟಗಿರಿಯವರೇ. ಮೂವತ್ತು ವರ್ಷ ಹ್ಯೂಸ್ಟನ್ನಿನ ಎಣ್ಣೆ ಕಂಪನಿಗಳ ಬಡಾವಣೆಯಾದ ಎನರ್ಜಿ ಕಾರಿಡಾರಿನ ಆಫೀಸುಗಳಲ್ಲಿ ಸವೆದು, ಹೋದ ವರ್ಷ ಕಂಪನಿ ಕೊಟ್ಟ ಪ್ಯಾಕೇಜ್ ತೆಗೆದುಕೊಂಡು ರಿಟೈರ್ ಆದವರು. ಎಣ್ಣೆಯ ವಿಷಯದಲ್ಲಿ ಅವರು ಹೇಳಿದ್ದೇ ವೇದ. ಹನ್ನೆರಡು ವರ್ಷದಿಂದ ಅವರ ಮನೆಯಲ್ಲೊಂದು ಪದ್ಧತಿ ನಡೆದು ಬಂದಿದೆ. ದೀಪಾವಳಿಯ ಪಾಡ್ಯದ ದಿನ ಹ್ಯೂಸ್ಟನ್, ಡಾಲಸ್, ಆಸ್ಟಿನ್ ಕಡೆಯ ಹದಿನಾರು ಕನ್ನಡದ ಮನೆಗಳವರು ಸೇರುತ್ತಾರೆ. ಲಕ್ಷ್ಮಿಯ ಮುಂದೆ ಫೋನುಗಳನ್ನು ಸಾಲಾಗಿ ಇಟ್ಟು, ಅವಕ್ಕೂ ಅರಿಶಿನ ಕುಂಕುಮ ಏರಿಸಿ, ಮಂಗಳಾರತಿ ಆದ ಮೇಲೆ ವೆಂಕಟಗಿರಿ ಒಂದು ಷೇರಿನ ಹೆಸರು ಹೇಳುತ್ತಾರೆ, ಎಲ್ಲರೂ ಅಲ್ಲೇ ನಿಂತು ಕೊಳ್ಳುತ್ತಾರೆ. ಆಮೇಲೆ ಅಕ್ಷತೆ ತಟ್ಟೆ ಮುಟ್ಟಿ ಒಂದು ಮಾತು: ಗುಂಪಿಗೆ ಹೇಳದೆ ಯಾರೂ ಮಾರಕೂಡದು. ಆಸ್ಟಿನ್ ಪಕ್ಕದ ರೌಂಡ್ ರಾಕಿನ ದೊಡ್ಡಣ್ಣ ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುವವನು. ಕಾಲೇಜಿನಿಂದಲೂ ವೆಂಕಟಗಿರಿಯವರ ಗೆಳೆಯ, ಬಾಯಿ ಸ್ವಲ್ಪ ಮುಂದು.

ಹಿಂದಿನ ವರ್ಷದ ಪಾಡ್ಯಕ್ಕೆ ಪೆಕಾನ್ ಫೋರ್ಕ್ ಎಂಟು ಡಾಲರ್ ಇತ್ತು. ಯುಗಾದಿಗೆ ಒಂಬತ್ತಾಯಿತು. ಆಗ ಇವರಿಗೆ ಎಷ್ಟು ಫೋನು, ಎಷ್ಟು ಹೊಗಳಿಕೆ! ಈಗ ಆರು. ಫೋನೆಲ್ಲ ತಣ್ಣಗಾಗಿವೆ. ಉಳಿದವರದ್ದು ಬಿಡಿ, ಹೊಟ್ಟೆ ತುಂಬಿದವರ ಆಟ. ವೆಂಕಟಗಿರಿಯವರನ್ನು ಪರದೆಯ ಮುಂದೆ ಕಟ್ಟಿ ಕೂರಿಸಿದ್ದು ಶಿವಬಸವ್ವನ ಷೇರು.

ಶಿವಬಸವ್ವ ಗದಗಿನ ಕಡೆಯವಳು, ಡಾಲಸ್ ಪಕ್ಕದ ಅರ್ವಿಂಗಿನಲ್ಲಿ ಮಗಳು ತನ್ವಿಯೊಂದಿಗೆ ಇರುವವಳು. ಗಂಡ ಹಾಲಪ್ಪ ವೆಂಕಟಗಿರಿಯವರ ಜೊತೆಯೇ ಕೆಲಸ ಮಾಡಿದವನು, ಮೂರು ವರ್ಷದ ಹಿಂದೆ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಗುಂಪಿನವರು ಕೈಲಾದಷ್ಟು ಕೂಡಿಸಿ ಒಂದು ಕವರು ಕೊಟ್ಟರೆ, ತಿಂಗಳಾಗುವಷ್ಟರಲ್ಲಿ ಅದೇ ಕವರು ಒಡೆಯದೆ ವಾಪಸ್ಸು ಬಂತು, ಮೇಲೆ ನಲವತ್ತು ಶೇಂಗಾ ಹೋಳಿಗೆ. "ಋಣ ತಲಿ ಮ್ಯಾಲ ಇದ್ರ ನಿದ್ದಿ ಬರಂಗಿಲ್ರಿ ಅಣ್ಣಾರ. ಸಿಟ್ಟಾಗಬ್ಯಾಡ್ರಿ" ಎಂದಿದ್ದಳು. ವಿಮೆಯ ಹಣದಲ್ಲಿ ನಲವತ್ತು ಸಾವಿರ ತೆಗೆದು, ವೆಂಕಟಗಿರಿ ಹೇಳಿದರೆಂಬ ಒಂದೇ ಕಾರಣಕ್ಕೆ, ಐದು ಸಾವಿರ ಪೆಕಾನ್ ಫೋರ್ಕ್ ಕೊಂಡಳು. ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಡಿಸೆಂಬರ್ ಇಪ್ಪತ್ತೆರಡಕ್ಕೆ ಅವಳ ಫೋನು ಬಂತು. ಖಾನಾವಳಿಗೆ ಜಾಗ ಸಿಕ್ಕಿತ್ತು. ಮನೆಯಲ್ಲಿ ರೊಟ್ಟಿ ಬಡಿದು ಬಡಿದು ಮಾರುತ್ತಿದ್ದವಳಿಗೆ ಅದೇ ಕನಸು. ಮುಂಗಡಕ್ಕೂ ಹೊಗೆ ಕೊಳವೆಗೂ ಸೇರಿ ಮೂವತ್ತು ಸಾವಿರ ಬೇಕು. ಜಾಗದ ಮಾಲೀಕ ಮೂವತ್ತೊಂದರ ಮಧ್ಯಾಹ್ನದವರೆಗೆ ಕಾಯುತ್ತಾನೆ, ಆಮೇಲೆ ಮೊಬೈಲ್ ಅಂಗಡಿಯವನಿಗೆ ಕೊಡುತ್ತಾನೆ.

"ಲುಕ್ಸಾನ ಆದ್ರ ಆಗ್ಲಿ ಬಿಡ್ರಿ ಅಣ್ಣಾರ. ಆರಕ್ಕ ಹೋದ್ರೂ ಮೂವತ್ತು ಬರ್ತೈತಿ. ನನಗ ಅಷ್ಟ ಸಾಕು. ಮಾರಲೇನ್ರಿ?"

"ಮಾರಿ. ಆದ್ರೆ ಸಿಕ್ಕಿದ ರೇಟಿಗೆ ಅಂತ ಒತ್ತಬೇಡಿ, ಕೊಳ್ಳೋರೇ ಇಲ್ಲ, ನಾಲ್ಕಕ್ಕೆ ಇಳಿದುಬಿಡುತ್ತೆ. ಆರು ಡಾಲರ್ ಅಂತಲೇ ಆರ್ಡರ್ ಹಾಕಿಸಿ ತನ್ವಿ ಕೈಲಿ. ಯಾರಾದ್ರೂ ಬಂದೇ ಬರ್ತಾರೆ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕೊಟ್ಟ ಮಾತು ಇದೆಯಲ್ಲ, ಮರ್ಯಾದೆ ಇದೆಯಲ್ಲ! ವೆಂಕಟಗಿರಿ ಫೋನಿನಲ್ಲಿ ಗುಂಪಿಗೆ ಬರೆದರು: "ನಮ್ಮ ಶಿವಬಸವ್ವನವರು ಖಾನಾವಳಿ ತೆರೆಯುತ್ತಿದ್ದಾರೆ. ಅದಕ್ಕಾಗಿ ತಮ್ಮ ಪೆಕಾನ್ ಫೋರ್ಕ್ ಅಷ್ಟನ್ನೂ ಆರಕ್ಕೆ ಮಾರುತ್ತಾರೆ. ಅವರದು ಹೋಗುವವರೆಗೆ ಉಳಿದವರು ದಯವಿಟ್ಟು ತಡೆಯಿರಿ." ಕ್ಷಣದಲ್ಲಿ ಹದಿನೈದು ಕೈಮುಗಿದ ಚಿತ್ರಗಳು. ಮೊದಲನೆಯದು ದೊಡ್ಡಣ್ಣನದು. ವೆಂಕಟಗಿರಿಯವರಿಗೆ ಕಣ್ಣು ಒದ್ದೆಯಾಯಿತು, ಎಂಥ ಜನ ನಮ್ಮವರು ಅಂತ.

ಮರುದಿನ ಪೇಟೆ ತೆರೆದಾಗ ಆರಕ್ಕೆ ಇದ್ದ ಶಿವಬಸವ್ವನ ಷೇರಿನ ಕೆಳಗೆ, ಐದು ಮುಕ್ಕಾಲಿಗೆ ಯಾರೋ ಕೂತಿದ್ದರು.

ಷೇರುಪೇಟೆಯೂ ಸಂತೆಯೇ. ಅಗ್ಗಕ್ಕೆ ಕೊಡುವವನ ಬುಟ್ಟಿ ಖಾಲಿಯಾಗದೆ ಪಕ್ಕದವನ ಬುಟ್ಟಿಗೆ ಯಾರೂ ಕೈ ಹಾಕುವುದಿಲ್ಲ. ಗಿರಾಕಿಯೇ ಇಲ್ಲದ ವಾರ, ಅದರ ಮೇಲೆ ಮುಂದೆ ಬಂದು ಕೂತ ಈ ಮಹರಾಯ ಯಾರು? ಹೆಸರು ಕಾಣುವುದಿಲ್ಲ, ಊರು ಕಾಣುವುದಿಲ್ಲ. ಯಾವುದೋ ನ್ಯೂಯಾರ್ಕಿನ, ತಾನಾಗೇ ಕೊಂಡು ಮಾರುವ ಕಂಪ್ಯೂಟರ್ ಇರಬೇಕು ಎಂದುಕೊಂಡರು ವೆಂಕಟಗಿರಿ. ಇನ್ನೇನು ಅಂದುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ.

ಕ್ರಿಸ್‌ಮಸ್ ಮುಗಿದ ಮರುದಿನ ಮನೆಯಲ್ಲಿ ಕೂರಲಾರದೆ ಗಂಡ ಹೆಂಡತಿ ಡಾಲಸಿಗೆ ಹೊರಟರು. ನಾಲ್ಕು ಗಂಟೆಯ ದಾರಿ, ರಸ್ತೆಯೂ ಷೇರುಪೇಟೆಯ ಹಾಗೇ ಖಾಲಿ. ಅರ್ವಿಂಗಿನ ಆ ಮಳಿಗೆ ಮೊದಲು ಡೋನಟ್ ಅಂಗಡಿಯಾಗಿತ್ತಂತೆ, ಗೋಡೆಗೆಲ್ಲ ಇನ್ನೂ ಸಕ್ಕರೆಯ ವಾಸನೆ. ಶಿವಬಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಖಾಲಿ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದಳು.

"ಇಲ್ಲಿ ಹಂಚು ಇಡ್ತೀನ್ರಿ ವೈನಿ, ಎರಡು. ಇಲ್ಲಿ ನಿಂತು ರೊಟ್ಟಿ ಬಡದ್ರ ಹೊರಗಿನ ಮಂದಿಗೆ ಗಾಜಿನಾಗಿಂದ ಕಾಣ್ಬೇಕು. ಈ ಮೂಲ್ಯಾಗ ಎಣ್ಣಿಗಾಯಿ, ಕಾಳಪಲ್ಲೆ. ಕುಂದ್ರಾಕ ಹದಿನೆಂಟು ಮಂದಿಗೆ ಜಾಗ ಐತ್ರಿ, ತನ್ವಿ ಅಳತಿ ಮಾಡ್ಯಾಳ."

"ಗಲ್ಲಾಪೆಟ್ಟಿಗೆ ಎಲ್ಲಿ?" ಎಂದರು ಸರೋಜಾ.

"ಅದೋ, ಬಾಗ್ಲ ಕಡೆ. ಮ್ಯಾಲ ನಮ್ಮ ಮನಿಯವರ ಫೋಟೋ. ಯಾರು ರೊಕ್ಕ ಕೊಡಲಿಲ್ಲ ಅಂತ ಅವ್ರು ನೋಡ್ಕೊಂತಾರ." ನಕ್ಕಳು. ನಗುತ್ತಲೇ ವೆಂಕಟಗಿರಿಯವರ ಕಡೆ ತಿರುಗಿದಳು. "ಮಾರಾಟ ಆಗ್ತೈತಲ್ರಿ ಅಣ್ಣಾರ? ಇನ್ನ ಐದು ದಿನ ಅಷ್ಟ ಉಳದಾವು."

"ಆಗುತ್ತೆ" ಎಂದರು ವೆಂಕಟಗಿರಿ. ಇನ್ನೇನು ಹೇಳಿಯಾರು? ಆ ನಗುವಿನ ಮುಂದೆ 'ನನ್ನ ಕೈಲಿ ಏನೂ ಇಲ್ಲ ತಾಯಿ' ಎನ್ನಲು ನಾಲಿಗೆ ಬೇಕಲ್ಲ.

ವಾಪಸ್ಸು ಬರುವಾಗ ಅರ್ಧ ದಾರಿ ಕಳೆದಿತ್ತು. ಸರೋಜಾ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನನ್ನ ಅಡುಗೆಮನೆ ದುಡ್ಡು ಐವತ್ತೈದು ಸಾವಿರ ಇದೆಯಲ್ಲ, ಅದರಲ್ಲಿ ಮೂವತ್ತು ತೆಗೆದು ನೀವೇ ಅವಳ ಷೇರು ತಗೊಂಡುಬಿಡಿ" ಎಂದರು.

ಮೂರು ವರ್ಷದಿಂದ ಸರೋಜಾ ಅಡುಗೆಮನೆ ಹೊಸದು ಮಾಡಿಸಬೇಕೆಂದು ಕಪಾಟಿನ ಬಣ್ಣದ ಚೂರುಗಳನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. "ಗೊತ್ತಾದ್ರೆ ಅವಳು ಒಪ್ಪಲ್ಲ. ಕವರು ವಾಪಸ್ಸು ಕಳಿಸಿದವಳು" ಎಂದರು ವೆಂಕಟಗಿರಿ.

"ಗೊತ್ತಾಗೋದು ಹೇಗೆ? ಮಾರುವವರಿಗೆ ಕೊಳ್ಳುವವರ ಮುಖ ಕಾಣಲ್ಲ ಅಂತ ನೀವೇ ತಾನೇ ದಿನಾ ಗೊಣಗೋದು? ಅವಳ ಒಲೆ ಮೊದಲು ಹತ್ತಲಿ. ನಂದು ಹೇಗೂ ಉರೀತಿದೆ."

ಆಗ ವೆಂಕಟಗಿರಿಯವರಿಗೆ ಹೆಂಡತಿಯ ಕಾಲಿಗೆ ಬೀಳಬೇಕೆನ್ನಿಸಿತು. ಎಂಥ ಸುಲಭದ ದಾರಿ! ತಮಗೇ ಯಾಕೆ ಹೊಳೆಯಲಿಲ್ಲ?

ಮುಂದೆ ಕೂತವನನ್ನೂ ಕೊಳ್ಳಬೇಕಾದೀತೆಂದು ಐವತ್ತೈದು ಸಾವಿರವನ್ನೂ ಕಳಿಸಿದರು, ಬ್ಯಾಂಕಿನಿಂದ ಷೇರಿನ ಖಾತೆಗೆ ಬರಲು ಶನಿವಾರ ಭಾನುವಾರ ಬಿಟ್ಟು ಎರಡು ದಿನ ಹಿಡಿಯಿತು. ಮೂವತ್ತನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ವೆಂಕಟಗಿರಿ ದೇವರಿಗೆ ದೀಪ ಹಚ್ಚಿ ಕೂತರು. ಮೊದಲು ಶಿವಬಸವ್ವನ ಮುಂದೆ ಕೂತಿರುವ ಆ ಐದು ಮುಕ್ಕಾಲಿನವನನ್ನು ದಾಟಬೇಕು. ಸಾವಿರದ ಐನೂರು ಷೇರು. ಕೊಂಡರು. ಅವನು ಹೋದನೋ ಇಲ್ಲವೋ, ಹಿಂದೆಯೇ ಇನ್ನೊಬ್ಬ ಕಂಡ, ಐದು ಎಂಬತ್ತೈದಕ್ಕೆ ಸಾವಿರದ ಇನ್ನೂರು. ಹಲ್ಲು ಕಚ್ಚಿ ಅದನ್ನೂ ಕೊಂಡರು. ಐದು ತೊಂಬತ್ತೈದಕ್ಕೆ ಮತ್ತೊಬ್ಬ, ಸಾವಿರ.

"ಎಷ್ಟು ಜನರೀ ಇದಾರೆ?" ಎಂದು ಹಿಂದೆ ನಿಂತ ಸರೋಜಾ ಕೇಳಿದರು.

"ಇವನೇ ಕೊನೆ. ಇವನಾದ ಮೇಲೆ ಅವಳೇ."

ಅದನ್ನೂ ಕೊಂಡರು. ಇಪ್ಪತ್ತೊಂದು ಸಾವಿರದ ಆರುನೂರು ಹೋಯಿತು. ಪರವಾಗಿಲ್ಲ, ಇನ್ನೂ ಮೂವತ್ತಮೂರಿದೆ. ಈಗ ಆರು ಡಾಲರಿನಲ್ಲಿ ಶಿವಬಸವ್ವನ ಐದು ಸಾವಿರ ಷೇರು ಒಂಟಿಯಾಗಿ ನಿಂತಿತ್ತು. ವೆಂಕಟಗಿರಿ ಕನ್ನಡಕ ಒರೆಸಿಕೊಂಡು, ಐದು ಸಾವಿರ ಎಂದು ಒತ್ತಿ, ಆರು ಎಂದು ಒತ್ತಿ, ತಪ್ಪಾಗಬಾರದೆಂದು ಎರಡೆರಡು ಸಲ ಓದಿ ನೋಡುತ್ತಿದ್ದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ರೌಂಡ್ ರಾಕಿನ ದೊಡ್ಡಣ್ಣ.

"ಗಿರೀ, ಬೈಬೇಡ ಕಣೋ" ಎಂದು ಅವನು ಶುರುಮಾಡಿದ. ದನಿಯಲ್ಲಿ ಹಬ್ಬ. "ನಂದು ಮಾರಿಬಿಟ್ಟೆ. ವಾರದಿಂದ ಐದು ಮುಕ್ಕಾಲಿಗೆ ಹಾಕಿ ಕೂತಿದ್ದೆ, ಒಂದು ನೊಣಾನೂ ಕೂತಿರಲಿಲ್ಲ. ಈಗ ತಾನೇ ಯಾವನೋ ಪುಣ್ಯಾತ್ಮ ಬಂದು ಅಷ್ಟೂ ತಗೊಂಡ ನೋಡು! ಅವನ ಮನೆ ಬಂಗಾರವಾಗ."

ವೆಂಕಟಗಿರಿಯವರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. "ನೀನು ಕೈಮುಗಿದಿದ್ದೆಯಲ್ಲೋ" ಎಂದರು.

"ಮುಗಿದಿದ್ದೆ ಮಾರಾಯ. ಮುಗಿದ ಮೇಲೆ ಭಯ ಆಯ್ತು. ಅವಳ ಐದು ಸಾವಿರ ಒಟ್ಟಿಗೆ ಬಂದ್ರೆ ಬೆಲೆ ಎಲ್ಲಿಗೆ ಇಳಿಯುತ್ತೋ ಅಂತ. ನಾನೊಬ್ಬನೇ ಅಲ್ಲ, ಇನ್ನೂ ಇಬ್ಬರು ಹಾಕಿದ್ರು, ಹೆಸರು ಕೇಳಬೇಡ. ಅವರದ್ದೂ ಹೋಯ್ತಂತೆ. ಏನೋ ಗಾಳಿ ತಿರುಗಿದೆ ಕಣೋ ಗಿರಿ. ನಾನೇ ಅವಸರ ಮಾಡಿದೆನೇನೋ."

ಫೋನಿಟ್ಟು ಪರದೆ ನೋಡಿದರೆ ಪೆಕಾನ್ ಫೋರ್ಕ್ ಎಂಬ ಹೆಸರು ವಾರಗಳ ನಂತರ ಏರಿಕೆಯ ಹಸಿರಿಗೆ ತಿರುಗಿತ್ತು. ನಲವತ್ತು ಷೇರು ಮಾರಾಟವಾಗುತ್ತಿದ್ದ ಜಾಗದಲ್ಲಿ ಒಂದು ಗಂಟೆಯೊಳಗೆ ಮೂರು ಸಾವಿರದ ಏಳುನೂರು. ನಿದ್ದೆ ಹೋಗಿದ್ದ ಗುಂಪು ಎದ್ದು ಕೂತಿತ್ತು. "ವಾಲ್ಯೂಮ್ ನೋಡಿದ್ರಾ?" "ಏನೋ ಸುದ್ದಿ ಇದೆ." "ದೊಡ್ಡವರು ಒಳಗೆ ಬರ್ತಿದಾರೆ." ಯಾವ ದೊಡ್ಡವರು! ಸರೋಜಾಳ ಅಡುಗೆಮನೆಯ ಕಪಾಟು ಒಳಗೆ ಬಂದಿತ್ತು. ಹುಚ್ಚು ಮುಂಡೇವು!

ವೆಂಕಟಗಿರಿ ತುಂಬಿಟ್ಟಿದ್ದ ಆರ್ಡರ್ ಕಳಿಸಿದರು. ಐದು ಸಾವಿರ, ಆರು ಡಾಲರಿಗೆ.

ಏನೂ ಆಗಲಿಲ್ಲ. ಪರದೆಯ ಮೇಲೆ ಆರು ಡಾಲರಿಗೆ ಮಾರುವವರು ಯಾರೂ ಇರಲಿಲ್ಲ. ಇಷ್ಟು ಹೊತ್ತು ಅಲ್ಲೇ ನಿಂತಿದ್ದ ಆ ಐದು ಸಾವಿರ ಎದ್ದು ಹೋಗಿತ್ತು. ಬೇರೆಯವರದು ಬಂದು ಬೀಳದಿರಲೆಂದು ತಮ್ಮ ಆರ್ಡರನ್ನೂ ತೆಗೆದರು.

ಅವರೇ ಫೋನು ಮಾಡುವಷ್ಟರಲ್ಲಿ ಅದೇ ಹೊಡೆದುಕೊಂಡಿತು.

"ಅಣ್ಣಾರ, ನೋಡಿದ್ರೇನ್ರಿ?" ಶಿವಬಸವ್ವನ ದನಿಯ ಹಿಂದೆ ರೊಟ್ಟಿ ಬಡಿಯುವ ಸದ್ದು. "ತನ್ವಿ ಓಡಿ ಬಂದು ತೋರಿಸಿದ್ಲು. ಏರಾಕ ಹತ್ತೈತ್ರಿ! ನಾನಂದೆ, ತಡೀ, ಮೊದಲು ಆ ಆರ್ಡರ್ ತಗಿ ಅಂತ. ತಗದ್ಲು. ಈಗ ಒಂಬತ್ತಕ್ಕ ಹಾಕೀವ್ರಿ."

"ಶಿವಬಸವ್ವನೋರೆ, ಬೇಡಿ! ಈಗಲೇ ವಾಪಸ್ಸು ಆರಕ್ಕೆ ಹಾಕ್ಸಿ. ಈಗಲೇ. ಹೋಗುತ್ತೆ, ನಾನು ಹೇಳ್ತಿದೀನಿ."

"ಯಾಕ್ರಿ? ಯುಗಾದಿಗೆ ಒಂಬತ್ತು ಆಗಿತ್ತಲ್ರಿ. ಹಿಂಗ ಏರೂ ಹೊತ್ತಿನಾಗ ಆರಕ್ಕ ಕೊಟ್ರ ನಮ್ಮ ಮನಿಯವರು ಫೋಟೋದಾಗಿಂದ ಬೈತಾರ."

"ನಿಮ್ಮ ಅಂಗಡಿ? ನಾಳೆ ಮಧ್ಯಾಹ್ನಕ್ಕೆ ಗಡುವು..."

"ಅವಂಗ ಈಗ ಫೋನ್ ಮಾಡಿ ಬ್ಯಾಡ ಅಂದೆ ನೋಡ್ರಿ. ಕೊಡ್ಲಿ ಆ ಮೊಬೈಲ್ನಾವಂಗ. ಒಂಬತ್ತಕ್ಕ ಹೋತು ಅಂದ್ರ ನಲವತ್ತೈದು ಬರ್ತೈತಿ, ಅದರ ಬಾಜೂಕಿನ ದೊಡ್ಡ ಮಳಿಗೀನ ಹಿಡೀತೀನಿ. ನಲವತ್ತು ಮಂದಿ ಕುಂದ್ರತಾರ."

ವೆಂಕಟಗಿರಿ ಕುರ್ಚಿಯಿಂದ ಎದ್ದು ನಿಂತರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳ ಸ್ವಾಭಿಮಾನಕ್ಕೆ ನೋವಾದರೆ ಆಗಲಿ, ಇವರ ಮುಖ ನೋಡದಿದ್ದರೆ ಬಿಡಲಿ. "ಕೇಳಿಲ್ಲಿ ತಾಯಿ. ಗಾಳಿನೂ ತಿರುಗಿಲ್ಲ, ಸುದ್ದಿನೂ ಇಲ್ಲ. ಬೆಳಗಿನಿಂದ ತಗೊಂಡಿದ್ದು ಒಬ್ಬನೇ. ನಾನು. ಅಷ್ಟನ್ನೂ ನಾನೇ ತಗೊಂಡೆ. ನಿಮ್ಮದನ್ನೂ ತಗೊಳ್ಳೋಕೆ ಕೂತಿದ್ದೆ. ನಾನು ನಿಲ್ಲಿಸಿದ್ರೆ ಅದು ಬಿದ್ದುಹೋಗುತ್ತೆ."

ಆ ಕಡೆ ರೊಟ್ಟಿಯ ಸದ್ದು ನಿಂತಿತು.

"ನೀವ ತಗೊಂಡ್ರೇನ್ರಿ?"

"ಹೌದು."

"ನಿಮ್ಮ ಸ್ವಂತ ರೊಕ್ಕ ಹಾಕಿ?"

"ಹೌದಮ್ಮ. ಸರೋಜಾಳ ಅಡುಗೆಮನೆ ದುಡ್ಡು."

"ಅಯ್ಯ ನನ್ನಪ್ಪಾ!" ಎಂದು ಶಿವಬಸವ್ವ ಜೋರಾಗಿ ನಕ್ಕಳು, ಹಾಲಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ವೆಂಕಟಗಿರಿ ಕೇಳಿರಲಿಲ್ಲ. "ಎಣ್ಣಿ ಧಂದೇದಾಗ ಮೂವತ್ತು ವರ್ಷ ಕಳದೋರು ನೀವು. ಸುಮ್ನ ವೈನೀರ ಅಡಿಗಿಮನಿ ರೊಕ್ಕ ಹಾಕ್ತೀರೇನ್ರಿ? ನನಗ ಒಂಬತ್ತಕ್ಕ ಮಾರಬ್ಯಾಡ ಅಂತ ಇದರ ಅರ್ಥ. ತನ್ವೀ, ಹತ್ತಕ್ಕ ಹಾಕವಾ!"

"ಅಲ್ಲ ತಾಯಿ, ನಾನು ನಿಮಗೋಸ್ಕರ..."

"ನನಗ ಗೊತ್ತೈತ್ರಿ. ನಮಗ ಧೈರ್ಯ ಬರಲಿ ಅಂತ ಮಾಡೀರಿ. ನೀವು ಇರೂತನಕ ನನಗೇನ್ ಭಯ ಅಣ್ಣಾರ? ಹೋಳಿಗಿ ಕಳಸ್ತೀನಿ." ಫೋನಿಟ್ಟಳು.

ಎರಡು ನಿಮಿಷದಲ್ಲಿ ಗುಂಪಿನಲ್ಲಿ ತನ್ವಿಯ ಕೈಯಿಂದ ಶಿವಬಸವ್ವನ ಮಾತು ಬಿತ್ತು: ವೆಂಕಟಗಿರಿ ಅಣ್ಣಾರು ಸ್ವತಃ ಮೂರು ಸಾವಿರದ ಮೇಲೆ ಕೊಂಡಿದ್ದಾರೆ. ಇನ್ನೇನು ಕೇಳಬೇಕು. ಒಬ್ಬರು ನೂರು ಕೊಂಡರು, ಇನ್ನೊಬ್ಬರು ಇನ್ನೂರು. ಬೆಲೆ ಆರೂ ನಲವತ್ತು ಮುಟ್ಟಿತು. ವೆಂಕಟಗಿರಿ ಬರೆದರು: "ದಯವಿಟ್ಟು ಯಾರೂ ಕೊಳ್ಳಬೇಡಿ. ನಾನು ಕೊಂಡಿದ್ದು ಬೇರೆ ಕಾರಣಕ್ಕೆ. ಈ ಏರಿಕೆ ನಿಜವಲ್ಲ." ದೊಡ್ಡಣ್ಣ ತಕ್ಷಣ ಉತ್ತರಿಸಿದ: "ಗಿರಿಗೆ ಇನ್ನೂ ಬೇಕು, ಅದಕ್ಕೇ ನಮ್ಮನ್ನ ತಡೀತಿದ್ದಾನೆ. ಕಳ್ಳ! ನಾನು ಅಗ್ಗಕ್ಕೆ ಕೊಟ್ಟು ಕೆಟ್ಟೆ." ಅದರ ಕೆಳಗೆ ನಗುವ ಮುಖಗಳ ಸಾಲು.

ಅವರಿಗೆ ಕಿರುಚಬೇಕೆನ್ನಿಸಿತು. ಯಾರ ಮೇಲೆ ಕಿರುಚುವುದು? ತಪ್ಪು ಹೇಳಿದಾಗ ನಂಬಿದರು, ನಿಜ ಹೇಳಿದಾಗ ಇನ್ನೂ ಹೆಚ್ಚು ನಂಬಿದರು. ಒಂದು ಸಲವಾದರೂ ಯಾರಾದರೂ ಅನುಮಾನಪಟ್ಟಿದ್ದರೆ!

ಮಧ್ಯಾಹ್ನ ಎರಡರ ಹೊತ್ತಿಗೆ ಕೊಳ್ಳಬೇಕಾದವರೆಲ್ಲ ಕೊಂಡು ಮುಗಿದಿತ್ತು. ಆಮೇಲೆ ಮತ್ತೆ ಅದೇ ಹಳೆಯ ನಿಶ್ಶಬ್ದ. ಕೊಳ್ಳುವವರ ಸಾಲಿನಲ್ಲಿ ಉಳಿದವನು ಒಬ್ಬನೇ, ಐದೂ ಇಪ್ಪತ್ತಕ್ಕೆ ನೂರು ಷೇರು ಕೇಳುತ್ತಿದ್ದ. ಈಗ ತಮ್ಮದನ್ನು ಮಾರಹೊರಟರೆ ಬೆಲೆ ಬೀಳುತ್ತದೆ, ಬಿದ್ದರೆ ಮೊದಲು ಮುರಿಯುವುದು ಶಿವಬಸವ್ವನ ಖಾನಾವಳಿ. ಮಾರದಿದ್ದರೆ ಅಡುಗೆಮನೆಯ ಇಪ್ಪತ್ತೊಂದು ಸಾವಿರ ಅಲ್ಲೇ. ಮೂರಕ್ಕೆ ಪೇಟೆ ಮುಚ್ಚಿತು. ವೆಂಕಟಗಿರಿ ಲ್ಯಾಪ್‌ಟಾಪ್ ಮುಚ್ಚದೆ ಹಾಗೇ ಕೂತಿದ್ದರು.

ಸರೋಜಾ ಕಾಫಿ ತಂದು ಎದುರಿಗಿಟ್ಟು ಪಕ್ಕದ ಕುರ್ಚಿ ಎಳೆದುಕೊಂಡರು. ಅವರ ಕೈಯಲ್ಲಿ ಕಪಾಟಿನ ಬಣ್ಣದ ಚೂರುಗಳಿದ್ದವು, ಯಾಕೆ ತಂದರೋ ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

"ಅವಳದು ಮಾರಾಟ ಆಯ್ತಾ?"

"ಇಲ್ಲ."

"ಮತ್ತೆ ನಮ್ಮ ದುಡ್ಡು?"

"ದೊಡ್ಡಣ್ಣನಿಗೆ ಹೋಯ್ತು."

ಸರೋಜಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ನಾಳೆ ಅವಳು ಮಾರಬೇಕು ಅಂದಾಗ ಕೊಳ್ಳೋಕೆ ನಾವಿದೀವಿ ಅಂದುಕೊಂಡಿದ್ದೆ" ಎಂದರು ಮೆಲ್ಲಗೆ. "ಈಗ ನಮ್ಮ ಹತ್ರ ಯಾರು ಕೊಳ್ತಾರೆ, ಹೇಳಿ?"

ಫೋನು ಮತ್ತೆ ಮಿಣುಕಿತು. ಗುಂಪಿನಲ್ಲಿ ಯಾರೋ ಕೇಳಿದ್ದರು: ಅಂಕಲ್, ನಾಳೆ ಇನ್ನೂ ತಗೊಳ್ಳೋದಾ?